ಸ್ಲ್ಯಾಬಿನೊಳಗೆ ಒಂದು, ಚೀಟಿಯ ಮೇಲೆ ಇನ್ನೊಂದು

1893ರಲ್ಲಿ ಅಮೆರಿಕದ ನಾಲ್ಕು ಟಂಕಸಾಲೆಗಳು ಮಾರ್ಗನ್ ಬೆಳ್ಳಿ ಡಾಲರ್ ಅಚ್ಚು ಹಾಕಿದವು: ಫಿಲಡೆಲ್ಫಿಯಾ, ಕಾರ್ಸನ್ ಸಿಟಿ, ನ್ಯೂ ಆರ್ಲಿಯನ್ಸ್, ಸ್ಯಾನ್ ಫ್ರಾನ್ಸಿಸ್ಕೊ. ನಾಲ್ಕೂ ನೋಡಲು ಒಂದೇ. ಗುರುತು ಸಿಗುವುದು ಹಿಂಬದಿಯಲ್ಲಿ. ಹದ್ದನ್ನು ಬಳಸಿದ ಹಾರದ ಗಂಟಿಗೂ ಕೆಳಗಿನ ‘ಡಾಲರ್’ ಪದಕ್ಕೂ ನಡುವಿನ ಸಾಸಿವೆಯಷ್ಟು ಜಾಗದಲ್ಲಿ ‘ಎಸ್’ ಅಕ್ಷರವಿದ್ದರೆ ಅದು ಸ್ಯಾನ್ ಫ್ರಾನ್ಸಿಸ್ಕೊದ್ದು. ಅಚ್ಚಾದದ್ದು ಒಂದೇ ಲಕ್ಷ, ಹಾಗಾಗಿ ಸಂಗ್ರಾಹಕರೆಲ್ಲ ಹಂಬಲಿಸುವ ನಾಣ್ಯ. ‘ಓ’ ಇದ್ದರೆ ನ್ಯೂ ಆರ್ಲಿಯನ್ಸ್, ‘ಸಿಸಿ’ ಇದ್ದರೆ ಕಾರ್ಸನ್ ಸಿಟಿ, ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. ಗ್ರೇಡಿಂಗ್ ಕಂಪನಿ ಪಿಸಿಜಿಎಸ್ ತನ್ನ ಪಟ್ಟಿಯಲ್ಲಿ ಈ ನಾಲ್ಕಕ್ಕೆ 7220, 7222, 7224, 7226 ಎಂಬ ಸಂಖ್ಯೆ ಕೊಟ್ಟಿದೆ. ಸಂಖ್ಯೆ ಒತ್ತುವವರ ಬೆರಳು ಕೊನೆಯ ಅಂಕಿಯಲ್ಲಿ ಜಾರಿದರೆ ಸಾಕು, ನ್ಯೂ ಆರ್ಲಿಯನ್ಸ್‌ನ ನಾಣ್ಯ ಚೀಟಿಯ ಮೇಲೆ ಸ್ಯಾನ್ ಫ್ರಾನ್ಸಿಸ್ಕೊದ್ದಾಗಿಬಿಡುತ್ತದೆ.

ಪಿಸಿಜಿಎಸ್ ಶುರುವಾದದ್ದು 1986ರಲ್ಲಿ, ಅಂಥದ್ದೇ ಇನ್ನೊಂದು ಕಂಪನಿ ಎನ್‌ಜಿಸಿ 1987ರಲ್ಲಿ. ನಾಣ್ಯದ ಅಸಲಿತನ ನೋಡಿ, 1ರಿಂದ 70ರ ವರೆಗಿನ ಶೆಲ್ಡನ್ ಮಾಪಕದಲ್ಲಿ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆಸೆದು ಕೊಡುವುದು ಇವುಗಳ ಕೆಲಸ. ಆ ಡಬ್ಬಿಗೆ ಸಂಗ್ರಾಹಕರು ಹೇಳುವ ಹೆಸರು ಸ್ಲ್ಯಾಬ್. ಅದರ ಮೇಲ್ತುದಿಯಲ್ಲಿ ದೇಶ, ಇಸವಿ, ಮುಖಬೆಲೆ, ಗ್ರೇಡು, ಸರ್ಟಿಫಿಕೇಟ್ ಸಂಖ್ಯೆ ಇರುವ ಚೀಟಿ. ನಾಣ್ಯ ನೋಡುವ ಪರಿಣತರು ಒಬ್ಬರು, ವಿವರ ಕಂಪ್ಯೂಟರಿಗೆ ಏರಿಸುವವರು ಇನ್ನೊಬ್ಬರು, ಡಬ್ಬಿಗೆ ಕೂರಿಸಿ ಬೆಸೆಯುವವರು ಮತ್ತೊಬ್ಬರು. ಇಷ್ಟು ಕೈ ದಾಟುವಾಗ ಎಲ್ಲಾದರೂ ತಪ್ಪಾಗುವುದು ಸಹಜ. ಒಂದೇ ಬಗೆಯ ಹೊಸ ನಾಣ್ಯಗಳು ನೂರಾರು ಸಂಖ್ಯೆಯಲ್ಲಿ ಒಟ್ಟಿಗೆ ಬರುವ ‘ಬಲ್ಕ್’ ಕೆಲಸದಲ್ಲಂತೂ ಅಕ್ಕಪಕ್ಕದ ಎರಡು ನಾಣ್ಯಗಳ ಚೀಟಿ ಅದಲುಬದಲಾಗುವುದುಂಟು. ಕಂಪನಿಗಳೇ ಇದಕ್ಕೆ ‘ಮೆಕ್ಯಾನಿಕಲ್ ಎರರ್’ ಎಂದು ಹೆಸರಿಟ್ಟು, ತಿದ್ದಿಕೊಡಲು ಪ್ರತ್ಯೇಕ ದಾರಿ ಮಾಡಿಕೊಂಡಿವೆ. ಆ ದಾರಿ ಹಿಡಿಯುವ ಮೊದಲು ನಿಮ್ಮ ಕೈಯಲ್ಲಿರುವುದು ನಿಜವಾಗಿ ಆ ಜಾತಿಯ ತಪ್ಪೇ ಎಂದು ಗೊತ್ತುಮಾಡಿಕೊಳ್ಳಬೇಕು. ಹೆಚ್ಚಿನವರು ಎಡವುವುದು ಇಲ್ಲೇ.

ತಪ್ಪಿನಂತೆ ಕಂಡರೂ ತಪ್ಪಲ್ಲದ್ದು ಬಹಳ ಇದೆ. ಐದನೇ ಜಾರ್ಜ್ ರೂಪಾಯಿಯ ಚೀಟಿಯಲ್ಲಿ ಇಸವಿಯ ಪಕ್ಕ ಆವರಣದೊಳಗೆ ‘ಸಿ’ ಎಂದಿರುತ್ತದೆ. ನಾಣ್ಯವನ್ನು ಎಷ್ಟು ತಿರುಗಿಸಿದರೂ ಆ ಅಕ್ಷರ ಸಿಗುವುದಿಲ್ಲ. ಆವರಣ ಹಾಕುವುದೇ ಅದಕ್ಕಾಗಿ: ಅಕ್ಷರ ನಾಣ್ಯದ ಮೇಲಿಲ್ಲ, ಆದರೆ ಅಚ್ಚಾದದ್ದು ಕಲ್ಕತ್ತೆಯಲ್ಲಿ ಎಂದು ಅರ್ಥ. ಅದೇ ರೂಪಾಯಿ ಬೊಂಬಾಯಿಯದಾದರೆ ಹಿಂಬದಿಯ ಕೆಳತುದಿಯ ಕಮಲದ ಹತ್ತಿರ ಉಬ್ಬಿದ ಒಂದು ಸಣ್ಣ ಚುಕ್ಕೆ ಇರುತ್ತದೆ. ವಿಕ್ಟೋರಿಯಾ ರಾಣಿಯ 1862ರ ರೂಪಾಯಿ ಇನ್ನೂ ವಿಚಿತ್ರ. 1874ರ ವರೆಗೂ ಅಚ್ಚಿನ ಮೇಲೆ 1862 ಎಂದೇ ಉಳಿಯಿತು. ಬೊಂಬಾಯಿ ಟಂಕಸಾಲೆ ಮಾತ್ರ ಇಸವಿಯ ಮೇಲೆ ಕೆಳಗೆ ಚುಕ್ಕೆಗಳನ್ನು ಹೆಚ್ಚಿಸುತ್ತ ನಿಜವಾದ ವರ್ಷ ಸೂಚಿಸಿತು. ಆದ್ದರಿಂದ ಚೀಟಿಯಲ್ಲಿ 1862ರ ಜೊತೆ ಚುಕ್ಕೆಗಳ ಲೆಕ್ಕ ಬರೆದಿದ್ದರೆ ಗಾಬರಿ ಬೇಡ, ಭೂತಗನ್ನಡಿ ಹಿಡಿದು ಎಣಿಸಿ. ಆಸ್ಟ್ರಿಯಾದ ಮರಿಯಾ ತೆರೇಸಾ ಥಾಲರ್ ಕೂಡ ಯಾವಾಗ ಅಚ್ಚಾದರೂ 1780 ಎಂದೇ ಹೇಳುತ್ತದೆ. ನಮ್ಮ ಬೊಂಬಾಯಿ ಟಂಕಸಾಲೆಯೂ 1940–41ರಲ್ಲಿ ಅದನ್ನು ಅಚ್ಚು ಹಾಕಿತ್ತು. ಮೊಘಲ್ ನಾಣ್ಯಗಳ ಚೀಟಿಯಲ್ಲಿ ಹಿಜರಿ ವರ್ಷದ ಪಕ್ಕ ಎರಡು ಓರೆಗೆರೆ, ಆಮೇಲೆ ಒಂದು ಸಣ್ಣ ಅಂಕಿ ಇರುತ್ತದೆ. ಅದು ಬಾದಶಹನ ಆಳ್ವಿಕೆಯ ವರ್ಷ. ಅಂಕದ ಜಾಗದಲ್ಲಿ ‘ಡಿಟೇಲ್ಸ್’ ಎಂದಿದ್ದರೂ ತಪ್ಪಲ್ಲ. ನಾಣ್ಯ ಅಸಲಿ, ಆದರೆ ಯಾರೋ ಉಜ್ಜಿ ತೊಳೆದಿದ್ದಾರೆ ಅಥವಾ ಬೇರೆ ಹಾನಿಯಾಗಿದೆ, ಹಾಗಾಗಿ ಅಂಕ ಕೊಟ್ಟಿಲ್ಲ ಎಂಬುದು ಅದರ ಒಳಾರ್ಥ.

ಇವನ್ನೆಲ್ಲ ಕಳೆದ ಮೇಲೂ ಚೀಟಿಗೂ ನಾಣ್ಯಕ್ಕೂ ತಾಳೆಯಾಗದಿದ್ದರೆ ಮೊದಲು ಅನುಮಾನಿಸಬೇಕಾದದ್ದು ಕಂಪನಿಯ ಗುಮಾಸ್ತರನ್ನಲ್ಲ, ಮಾರಿದವರನ್ನು. ನಕಲಿ ಸ್ಲ್ಯಾಬುಗಳು ಮಾರುಕಟ್ಟೆಗೆ ಬಂದು ವರ್ಷಗಳೇ ಆದವು. ಅಸಲಿ ನಾಣ್ಯವೊಂದರ ಸರ್ಟಿಫಿಕೇಟ್ ಸಂಖ್ಯೆಯನ್ನೇ ಕದ್ದು ನಕಲಿ ಚೀಟಿಗೆ ಹಾಕುತ್ತಾರೆ, ಒಂದೇ ಸಂಖ್ಯೆಯ ಹಲವು ಡಬ್ಬಿಗಳನ್ನೂ ಮಾಡುತ್ತಾರೆ. ಅಸಲಿ ಡಬ್ಬಿಯನ್ನು ಬಿಡಿಸಿ ಒಳಗಿನದನ್ನು ಬದಲಿಸಿ ಅಂಟಿಸಿದವೂ ಉಂಟು. ಕಂಪನಿಯ ಜಾಲತಾಣದ ಪರಿಶೀಲನೆ ಪುಟದಲ್ಲಿ ಸಂಖ್ಯೆ ಹಾಕಿ ನೋಡಿ. ಚೀಟಿ, ದಾಖಲೆ, ನಾಣ್ಯ ಈ ಮೂರೂ ಏನು ಹೇಳುತ್ತವೆ ಎಂಬುದನ್ನು ಬೇರೆ ಬೇರೆಯಾಗಿ ಬರೆದುಕೊಳ್ಳಿ. ಚೀಟಿ ಮತ್ತು ದಾಖಲೆ ಒಂದೇ ಹೇಳಿ ನಾಣ್ಯ ಮಾತ್ರ ಬೇರೆಯಾದರೆ ಟೈಪಿಂಗ್ ತಪ್ಪೂ ಇರಬಹುದು, ಕಳ್ಳ ಡಬ್ಬಿಯೂ ಇರಬಹುದು. ದಾಖಲೆಯ ಜೊತೆ ಫೋಟೊ ಇದ್ದರೆ ತೀರ್ಮಾನ ಸುಲಭ: ನಾಣ್ಯದ ಮೇಲಿನ ಗೀರು, ಕಲೆ, ಬಣ್ಣದ ಛಾಯೆಗಳನ್ನು ಒಂದೊಂದಾಗಿ ಹೋಲಿಸಿ. ಗೀರುಗಳು ಎರಡು ನಾಣ್ಯಗಳಲ್ಲಿ ಒಂದೇ ತರಹ ಇರುವುದಿಲ್ಲ. ಡಬ್ಬಿಯ ಅಂಚಿನ ಬೆಸುಗೆಯನ್ನು ಬೆಳಕಿಗೆ ಹಿಡಿದಾಗ ಬಿಳಿಚಿದ ಗುರುತು, ಸೀಳು, ಅಂಟಿನ ಹೊಳಪು ಕಂಡರೆ ಅದು ಲೇಬಲ್ ತಿದ್ದುವ ವಿಷಯವೇ ಅಲ್ಲ, ಹಣ ವಾಪಸ್ ಕೇಳುವ ವಿಷಯ.

ಡಬ್ಬಿ ಅಸಲಿ, ತಪ್ಪು ಕಂಪನಿಯದೇ ಎಂದು ಖಾತ್ರಿಯಾಯಿತು ಎನ್ನಿ. ಆಗ ನೆನಪಿಡಬೇಕಾದ ಮಾತು ಒಂದೇ: ಒಡೆಯಬೇಡಿ. ‘ನಾಣ್ಯ ನನ್ನದು, ತೆಗೆದು ಬೇರೆ ಡಬ್ಬಿಗೆ ಹಾಕಿ ಕಳಿಸಿದರಾಯಿತು’ ಎಂದು ಇಕ್ಕಳ ಹಿಡಿಯುವವರಿದ್ದಾರೆ. ಸ್ಲ್ಯಾಬ್ ಒಡೆದ ಕ್ಷಣಕ್ಕೆ ಕಂಪನಿಯ ಗ್ಯಾರಂಟಿ ಮುಗಿಯಿತು. ಉಚಿತವಾಗಿ ಆಗಬೇಕಿದ್ದ ತಿದ್ದುಪಡಿ ಪೂರ್ತಿ ಶುಲ್ಕದ ಹೊಸ ಗ್ರೇಡಿಂಗ್ ಆಗುತ್ತದೆ, ಹಿಂದಿನ ಅಂಕವೇ ಸಿಗುವ ಭರವಸೆಯೂ ಇಲ್ಲ. ಪ್ಲಾಸ್ಟಿಕ್ ಚೂರು ಬಡಿದು ನಾಣ್ಯದ ಮೇಲೆ ಗೀರು ಬಿದ್ದರೆ ಆ ನಷ್ಟಕ್ಕೆ ಯಾರೂ ಹೊಣೆಯಲ್ಲ.

ಇನ್ನು ಯಾವ ತಪ್ಪಿಗೆ ಯಾವ ಬಾಗಿಲು ಎಂಬುದು. ಇಸವಿ, ಟಂಕಸಾಲೆ, ಮುಖಬೆಲೆ, ಲೋಹ, ಕಾಗುಣಿತ ತಪ್ಪಿದ್ದರೆ, ಅಥವಾ ಚೀಟಿಯೇ ಬೇರೆ ನಾಣ್ಯದ್ದಾಗಿದ್ದರೆ ಅದು ಮೆಕ್ಯಾನಿಕಲ್ ಎರರ್. ಸವೆದ ನಾಣ್ಯದ ಮೇಲೆ, ಚಲಾವಣೆಗೇ ಹೋಗದ ನಾಣ್ಯಕ್ಕೆ ಕೊಡುವ ಎಂಎಸ್ 65 ಅಚ್ಚಾಗಿದ್ದರೂ ಅಷ್ಟೇ, ಅದು ಯಾರ ಅಭಿಪ್ರಾಯವೂ ಆಗಿರಲಾರದು. ಇಂಥದ್ದಕ್ಕೆ ಗ್ರೇಡಿಂಗ್ ಶುಲ್ಕ ಕೇಳುವುದಿಲ್ಲ. ಅಂಚೆ, ವಿಮೆಯ ಖರ್ಚು ಯಾರದು ಎಂಬುದನ್ನು ಮಾತ್ರ ಕಳಿಸುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಿ. ‘64 ಕೊಟ್ಟಿದ್ದಾರೆ, ನನಗೆ 65 ಅನಿಸುತ್ತದೆ’ ಎಂಬ ತಕರಾರು ಈ ಬಾಗಿಲಿಗೆ ಬರುವುದಿಲ್ಲ. ಅದಕ್ಕೆ ರೀಗ್ರೇಡ್, ರಿಕನ್ಸಿಡರೇಷನ್ ಎಂಬ ಬೇರೆ ಸೇವೆಗಳಿವೆ, ಹಣ ಕಟ್ಟಬೇಕು, ಉತ್ತರ ‘64ಏ ಸರಿ’ ಎಂದೇ ಬಂದರೂ ಹಣ ವಾಪಸಿಲ್ಲ. ಚೀಟಿಯಲ್ಲಿ ಉಪಪ್ರಕಾರದ ಹೆಸರಿಲ್ಲ ಎಂಬುದೂ ಸಾಮಾನ್ಯವಾಗಿ ತಪ್ಪಲ್ಲ. ಕಳಿಸಿದವರು ಆ ಪರಿಶೀಲನೆಗೆ ಹೆಚ್ಚಿನ ಹಣ ಕಟ್ಟಿರದಿದ್ದರೆ ಅವರು ನೋಡಿಯೇ ಇರುವುದಿಲ್ಲ. ಆದರೆ ಕೆಲವು ಪ್ರಕಾರಗಳು ಚೀಟಿಯಲ್ಲಿ ಇರಲೇಬೇಕಾದವು. ಲಿಂಕನ್ ಸೆಂಟ್ ನಾಣ್ಯದ ವಿನ್ಯಾಸಕ ವಿಕ್ಟರ್ ಡೇವಿಡ್ ಬ್ರೆನ್ನರ್ 1909ರಲ್ಲಿ ಹಿಂಬದಿಯ ಕೆಳಗೆ ತನ್ನ ಹೆಸರಿನ ‘ವಿ.ಡಿ.ಬಿ.’ ಅಕ್ಷರಗಳನ್ನು ಹಾಕಿದ್ದ. ಗಲಾಟೆಯೆದ್ದು ಅದೇ ವರ್ಷ ತೆಗೆದರು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆ ಅಕ್ಷರಗಳೊಂದಿಗೆ ಅಚ್ಚಾದದ್ದು 4,84,000 ಮಾತ್ರ. ಮೂರು ಅಕ್ಷರ ನಾಣ್ಯದ ಮೇಲಿದ್ದು ಚೀಟಿಯಲ್ಲಿ ಬಿಟ್ಟುಹೋಗಿದ್ದರೆ ಧೈರ್ಯವಾಗಿ ತಿದ್ದುಪಡಿ ಕೇಳಬಹುದು.

ಕೇಳುವ ರೀತಿಯೂ ಸರಳವಾಗಿರಲಿ. ಡಬ್ಬಿಯ ಎರಡೂ ಬದಿ, ಚೀಟಿ ಮತ್ತು ತಪ್ಪಿರುವ ಜಾಗ ಇವುಗಳ ಫೋಟೊ ಬೇಕು. ಪ್ಲಾಸ್ಟಿಕ್ ಹೊಳೆಯದಂತೆ ದೀಪವನ್ನು ಓರೆಯಾಗಿ ಹಿಡಿದು ತೆಗೆಯಿರಿ. ಬರೆಯಬೇಕಾದದ್ದು ಎರಡೇ ಸಾಲು: ‘ಚೀಟಿಯಲ್ಲಿ 1918, ಕಲ್ಕತ್ತಾ ಎಂದಿದೆ. ನಾಣ್ಯದ ಹಿಂಬದಿಯ ಕೆಳತುದಿಯಲ್ಲಿ ಬೊಂಬಾಯಿಯ ಚುಕ್ಕೆ ಇದೆ, ಫೋಟೊ ನೋಡಿ.’ ಎಲ್ಲಿ ಕೊಂಡಿರಿ, ಎಷ್ಟು ಕೊಟ್ಟಿರಿ, ಎಷ್ಟು ಬೇಸರವಾಯಿತು ಎಂಬುದೆಲ್ಲ ಅಲ್ಲಿ ಬೇಡ. ನಮ್ಮಲ್ಲಿ ಹೆಚ್ಚಿನವರು ನಾಣ್ಯ ಕಳಿಸಿರುವುದು ಅಧಿಕೃತ ಡೀಲರುಗಳ ಮೂಲಕ, ಆದ್ದರಿಂದ ವಾಪಸು ಹೋಗುವುದೂ ಅವರ ಮೂಲಕವೇ ಒಳ್ಳೆಯದು. ಹರಾಜಿನಲ್ಲಿ ಕೊಂಡಿದ್ದರೆ ಮೊದಲ ಪತ್ರ ಹರಾಜು ಸಂಸ್ಥೆಗೆ ಹೋಗಬೇಕು. ಗ್ರೇಡ್ ಆದ ನಾಣ್ಯ ಹಿಂದಕ್ಕೆ ಪಡೆಯುವುದಿಲ್ಲ ಎಂಬ ಷರತ್ತು ಹಲವೆಡೆ ಇರುತ್ತದೆ. ಕ್ಯಾಟಲಾಗಿನ ವಿವರಣೆಯೇ ತಪ್ಪಿದ್ದಾಗ ಅದೇ ಷರತ್ತು ಏನು ಹೇಳುತ್ತದೆ ಎಂದು ಓದಿ. ದೂರು ಕೊಡುವ ಗಡುವು ಚಿಕ್ಕದಿರಬಹುದು, ಪಾರ್ಸೆಲ್ ಬಂದ ದಿನವೇ ತೆರೆದು ತಾಳೆ ನೋಡಿ.

ಹಣದ ಮಾತಿಗೆ ಬಂದರೆ, ಎರಡೂ ದೊಡ್ಡ ಕಂಪನಿಗಳ ಗ್ಯಾರಂಟಿ ಕಣ್ಣಿಗೆ ರಾಚುವ ಬರಹದ ತಪ್ಪಿಗೆ ಅನ್ವಯಿಸುವುದಿಲ್ಲ. ಇಪ್ಪತ್ತು ಡಾಲರಿನ ಸೇಂಟ್ ಗಾಡೆನ್ಸ್ ಚಿನ್ನದ ನಾಣ್ಯದಲ್ಲಿ 1924ರದು ಸುಲಭವಾಗಿ ಸಿಗುವಂಥದ್ದು. 1929ರದು ಹೆಚ್ಚಿನ ಪಾಲು ಕರಗಿಹೋಗಿ ಬಲು ಅಪರೂಪ. ನಾಣ್ಯದ ಮೇಲೆ 1924 ಎಂದು ಸ್ಪಷ್ಟವಾಗಿ ಇದ್ದು ಚೀಟಿಯಲ್ಲಿ 1929 ಎಂದಿದ್ದರೆ ಕಂಪನಿ ಚೀಟಿ ಬದಲಿಸಿಕೊಡುತ್ತದೆ, ಬೆಲೆಯ ವ್ಯತ್ಯಾಸ ಕೊಡುವುದಿಲ್ಲ. ಕೊಳ್ಳುವವರು ಇಸವಿಯನ್ನಾದರೂ ಓದಿಕೊಳ್ಳಬೇಕಿತ್ತು ಎಂಬುದು ಅವರ ವಾದ, ನನಗೂ ಅದು ನ್ಯಾಯವೆನಿಸುತ್ತದೆ. ಆದರೆ ಗೊತ್ತಿದ್ದೂ ಆ ಚೀಟಿಯನ್ನು ತೋರಿಸಿ ನಿಮಗೆ ಮಾರಿದ ವ್ಯಾಪಾರಿಯನ್ನು ಈ ವಾದ ಕಾಯುವುದಿಲ್ಲ. ಭಾರತದಲ್ಲಿ ಕೊಂಡಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ, 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ. ಬಿಲ್ಲಿನಲ್ಲಿ ಬರಿಯ ‘ಹಳೆ ನಾಣ್ಯ, 1’ ಎಂದಿದ್ದರೆ ಎರಡರಿಂದಲೂ ಹೆಚ್ಚು ಉಪಯೋಗವಾಗದು. ಇಸವಿ, ಟಂಕಸಾಲೆ, ಸರ್ಟಿಫಿಕೇಟ್ ಸಂಖ್ಯೆ ಬರೆಸಿಕೊಳ್ಳಿ.

ಇಲ್ಲಿಯ ತನಕ ಹೇಳಿದ್ದು ಬೆರಳಿನ ತಪ್ಪು. ನಮ್ಮ ನಾಡಿನ ನಾಣ್ಯಗಳಲ್ಲಿ ಹೆಚ್ಚು ತೊಡಕು ಕೊಡುವುದು ಓದಿನ ತಪ್ಪು, ಅದಕ್ಕೆ ಕಾರಣಗಳೂ ನಾಣ್ಯಗಳಲ್ಲೇ ಇವೆ. ಟಿಪ್ಪು ಸುಲ್ತಾನ್ ಆಳ್ವಿಕೆಯ ಮೊದಲ ವರ್ಷಗಳಲ್ಲಿ ಹಿಜರಿ ಶಕೆಯನ್ನೇ ಬಳಸಿ, 1787ರಿಂದ ಮೌಲೂದಿ ಎಂಬ ತನ್ನದೇ ಶಕೆ ತಂದ. 1201ರ ಜಾಗದಲ್ಲಿ 1215 ಬಂತು. ಅಷ್ಟು ಸಾಲದೆಂಬಂತೆ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಸಿದ. 1218 ಎಂಬುದು ನಾಣ್ಯದ ಮೇಲೆ ಎಡದಿಂದ ಓದುವವರಿಗೆ 8121 ಎಂದು ಕಾಣುತ್ತದೆ. ಎತ್ತಲಿಂದ ಓದಿದರೂ ಒಂದೇ ಆಗಿರುವುದು 1221 ಮಾತ್ರ. ಅಂಕಿ ಸರಿಯಾಗಿ ಓದಿದವರೂ ಅದನ್ನು ಹಿಜರಿ ಎಂದುಕೊಂಡರೆ 1218 ಎಂಬುದು ಕ್ರಿ.ಶ. 1803 ಆಗುತ್ತದೆ. ಟಿಪ್ಪು ಶ್ರೀರಂಗಪಟ್ಟಣದಲ್ಲಿ ಮಡಿದದ್ದು 1799ರ ಮೇ 4ರಂದು. ಚೀಟಿಯಲ್ಲಿ ಟಿಪ್ಪುವಿನ ಹೆಸರಿನ ಪಕ್ಕ 1800ರ ನಂತರದ ಇಸವಿ ಕಂಡರೆ ಭೂತಗನ್ನಡಿಯೂ ಬೇಡ, ತಪ್ಪು ಎಂದೇ ತಿಳಿಯಿರಿ. ಊರಿನ ಹೆಸರುಗಳದೂ ಇದೇ ಕಥೆ. ನಾಣ್ಯದ ಮೇಲೆ ಪಾರಸಿಯಲ್ಲಿ ‘ಪಟ್ಟನ್’ ಎಂದಿದ್ದರೆ ಶ್ರೀರಂಗಪಟ್ಟಣ, ‘ನಗರ್’ ಎಂದರೆ ಹಳೆಯ ಬಿದನೂರು, ‘ಫರ್ರುಖ್‌ಯಾಬ್ ಹಿಸಾರ್’ ಎಂದರೆ ನಮ್ಮ ಚಿತ್ರದುರ್ಗ.

ಹೈದರಾಲಿಯ ಚಿನ್ನದ ವರಹವನ್ನು ತೆಗೆದುಕೊಳ್ಳಿ. ಮುಂಬದಿಯಲ್ಲಿ ಕುಳಿತ ಶಿವ ಪಾರ್ವತಿ, ಕೆಳದಿ ಅರಸರ ಇಕ್ಕೇರಿ ವರಹದಲ್ಲಿ ಇದ್ದ ಹಾಗೆಯೇ. ತಾನು ಗೆದ್ದ ನಾಡಿನಲ್ಲಿ ಜನ ಒಪ್ಪಿದ ನಾಣ್ಯದ ರೂಪವನ್ನು ಅವನು ಕೆಡಿಸಲಿಲ್ಲ. ಹಿಂಬದಿಯ ಕಾಳುಕಾಳು ನೆಲದ ಮೇಲೆ ತನ್ನ ಹೆಸರಿನ ಮೊದಲಕ್ಷರ ‘ಹೇ’ಯನ್ನು ಪಾರಸಿ ಲಿಪಿಯಲ್ಲಿ ಹಾಕಿಸಿದ. ಮುಂಬದಿ ಮಾತ್ರ ನೋಡಿ ಚೀಟಿ ಬರೆದರೆ ಹೈದರನ ನಾಣ್ಯ ಕೆಳದಿ ಅರಸರದಾಗುತ್ತದೆ. ತಾಮ್ರದಲ್ಲಿ ಆನೆ ಇದ್ದದ್ದೆಲ್ಲ ಟಿಪ್ಪುವಿನದೆಂಬ ನಂಬಿಕೆಯೂ ಹಾಗೆಯೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲೂ ಆನೆ ಇದೆ, ಜೊತೆಗೆ ಕನ್ನಡದಲ್ಲಿ ‘ಮಯಿಲಿ ಕಾಸು’ ಎಂದೂ, ಇಂಗ್ಲಿಷಿನಲ್ಲಿ ರೋಮನ್ ಅಂಕಿಯ ಇಪ್ಪತ್ತು ಕ್ಯಾಶ್ ಎಂದೂ ಇರುತ್ತದೆ. ಫ್ಲಾರಿಡಾದಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಕುಳಿತ ಕಂಪನಿಯ ಪರಿಣತರು ದಿನಕ್ಕೆ ಹತ್ತಾರು ದೇಶಗಳ ನಾಣ್ಯ ನೋಡುವವರು. ಕಾಸಿನ ಮೇಲಿನ ಕನ್ನಡವನ್ನು ನಮ್ಮ ಹೈಸ್ಕೂಲಿನ ಹುಡುಗಿ ಅವರಿಗಿಂತ ಬೇಗ ಓದುತ್ತಾಳೆ. ಇಂಥ ತಪ್ಪು ತೋರಿಸುವಾಗ ಫೋಟೊದ ಜೊತೆ ನಾಣ್ಯದ ಬರಹವನ್ನು ಅಕ್ಷರ ಅಕ್ಷರವಾಗಿ ಬಿಡಿಸಿ, ಮುದ್ರಿತ ಕ್ಯಾಟಲಾಗಿನ ಸಂಖ್ಯೆಯನ್ನೂ ಕೊಡಿ. ಇದು ಅವರ ಕಣ್ಣಿಗೆ ಬರಹದ ತಪ್ಪಾಗಿ ಕಾಣದೆ ಅಭಿಪ್ರಾಯಭೇದವಾಗಿ ಕಾಣುವ ಸಂಭವ ಹೆಚ್ಚು. ಆಧಾರ ಕೊಟ್ಟಷ್ಟೂ ಕೆಲಸ ಸಲೀಸು.

ಆದರೆ ಇಲ್ಲೊಂದು ದೊಡ್ಡ ಗೋಡೆಯಿದೆ. 1972ರ ಪ್ರಾಚ್ಯವಸ್ತು ಮತ್ತು ಕಲಾ ನಿಧಿಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪ್ರಾಚ್ಯವಸ್ತು. ಅದನ್ನು ಖಾಸಗಿಯವರು ಭಾರತದಿಂದ ಹೊರಗೆ ಕಳಿಸುವಂತಿಲ್ಲ, ಕಳಿಸಿದರೆ ಜೈಲು ಶಿಕ್ಷೆಯ ಅಪರಾಧ. ಟಿಪ್ಪುವಿನ ಪೈಸೆಯಾಗಲಿ, 1862ರ ರೂಪಾಯಿಯಾಗಲಿ, ಮೇಲೆ ಉದಾಹರಿಸಿದ 1918ರ ರೂಪಾಯಿಯಾಗಲಿ, ಸ್ಲ್ಯಾಬಿನಲ್ಲಿ ಇದೆ ಎಂಬ ಕಾರಣಕ್ಕೆ ವಿನಾಯಿತಿ ಇಲ್ಲ. ‘ಚೀಟಿ ತಿದ್ದಿಸಿ ವಾಪಸ್ ತರುತ್ತೇನೆ’ ಎಂದರೂ ಕಸ್ಟಮ್ಸ್ ಕಣ್ಣಿಗೆ ಅದು ರಫ್ತು. ಅಮೆರಿಕದಲ್ಲಿರುವ ಮಗ ಊರಿಗೆ ಬಂದವನು ಅಜ್ಜನ ಪೆಟ್ಟಿಗೆಯ ವರಹವನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿ ಗ್ರೇಡ್ ಮಾಡಿಸುವ ಯೋಜನೆಯೂ ಇದೇ ಕಾಯ್ದೆಗೆ ಸಿಕ್ಕಿಬೀಳುತ್ತದೆ. ಅಲ್ಲೇ ಕೊಂಡು ಅಲ್ಲೇ ಇಟ್ಟುಕೊಂಡಿರುವ ಕನ್ನಡಿಗರಿಗೆ ಈ ತೊಂದರೆ ಇಲ್ಲ. ಅವರು ಚೀಟಿಯನ್ನು ತಿದ್ದಿಸಿಕೊಂಡ ಮೇಲೆಯೇ ನಾಣ್ಯವನ್ನು ಊರಿಗೆ ತರುವುದು ಜಾಣತನ.

ಹಾಗಾದರೆ ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ತಪ್ಪು ಚೀಟಿಯ ಟಿಪ್ಪು ನಾಣ್ಯ ಹಿಡಿದು ಕುಳಿತವರು ಏನು ಮಾಡಬೇಕು? ಫೋಟೊ ಸಮೇತ ಕಂಪನಿಗೆ ಬರೆಯಿರಿ, ದಾಖಲೆಯಲ್ಲಿ ತಿದ್ದಲು ಸಾಧ್ಯವೇ ಕೇಳಿ. ನಾಣ್ಯಶಾಸ್ತ್ರ ಬಲ್ಲವರೊಬ್ಬರಿಂದ ಸರಿಯಾದ ಓದನ್ನು ಬರೆಸಿ, ಸಹಿ ಹಾಕಿಸಿ, ಸ್ಲ್ಯಾಬಿನ ಜೊತೆ ಇಡಿ. ಒಡೆಯಬೇಡಿ ಎಂದು ಮೇಲೆ ಹೇಳಿದೆನಲ್ಲ, ಅದಕ್ಕೆ ಇಲ್ಲೊಂದು ಅಪವಾದ ಹೇಳುತ್ತೇನೆ. ಸಾಧಾರಣ ತಾಮ್ರದ ಪೈಸೆಯಾದರೆ, ಅಂಕವೂ ಅಂಥ ದೊಡ್ಡದಲ್ಲದಿದ್ದರೆ, ಗ್ಯಾರಂಟಿಯ ಆಸೆ ಬಿಟ್ಟು ಡಬ್ಬಿಯಿಂದ ಬಿಡುಗಡೆ ಮಾಡುವುದೇ ಮೇಲು. ಟಿಪ್ಪುವಿನ ತಾಮ್ರಕ್ಕೆ ಬೆಲೆ ಬರುವುದು ಟಂಕಸಾಲೆ, ವರ್ಷ, ಅಚ್ಚಿನ ಪೂರ್ಣತೆಗಳಿಂದ, ಎಪ್ಪತ್ತರ ಮಾಪಕದಿಂದ ಅಷ್ಟಾಗಿ ಅಲ್ಲ. ಚಿನ್ನ, ಬೆಳ್ಳಿಯಾದರೆ ಈ ಮಾತು ಕೇಳಬೇಡಿ. ಒಡೆದದ್ದೇ ಆದರೆ ಒಳಗಿನ ಚೀಟಿಯನ್ನು ಎಸೆಯದೆ ಕಂಪನಿಗೆ ಅಂಚೆಯಲ್ಲಿ ಕಳಿಸಿ. ಯಾವ ನಾಣ್ಯ ಎಷ್ಟು ಗ್ರೇಡ್ ಆಗಿದೆ ಎಂಬ ಅವರ ಲೆಕ್ಕದಿಂದ ಆಗ ಅದು ಇಳಿಯುತ್ತದೆ. ಇಲ್ಲದಿದ್ದರೆ ಅಚ್ಚೇ ಆಗದ ವರ್ಷದ ನಾಣ್ಯವೊಂದು ಪಟ್ಟಿಯಲ್ಲಿ ಉಳಿದು, ಮುಂದೆ ಯಾರೋ ಅದನ್ನು ಹುಡುಕಿಕೊಂಡು ಅಲೆಯುತ್ತಾರೆ.

ತಪ್ಪು ಚೀಟಿಯ ಸ್ಲ್ಯಾಬುಗಳನ್ನೇ ಬೇಕೆಂದು ಸಂಗ್ರಹಿಸುವ ಒಂದು ಸಣ್ಣ ಗುಂಪೂ ಇದೆ. ಅವರಿಗಾಗಿ ಹೆಚ್ಚಿನ ಬೆಲೆ ಹೇಳುವ ಮಾರಾಟಗಾರರನ್ನು ನಂಬಬೇಡಿ. ಚೀಟಿಯ ತಪ್ಪು ಟಂಕಸಾಲೆಯ ತಪ್ಪಲ್ಲ. ನೀವೇ ಅಂಥದ್ದನ್ನು ಮಾರುವುದಾದರೆ ತಪ್ಪು ಏನೆಂದು ಮೊದಲ ಸಾಲಿನಲ್ಲೇ ಬರೆಯಿರಿ, ಫೋಟೊದ ಮೂಲೆಯಲ್ಲಿ ಅಡಗಿಸಬೇಡಿ.

ನೂರು ವರ್ಷ ದಾಟದ ನಾಣ್ಯ, ಉದಾಹರಣೆಗೆ ಆರನೇ ಜಾರ್ಜ್ ಕಾಲದ ರೂಪಾಯಿ, ತಿದ್ದುಪಡಿಗೆ ಹೋಗುವಾಗ ಕಾಗದಪತ್ರದಲ್ಲಿ ‘ತಿದ್ದುಪಡಿಗೆ ಹೋಗಿ ಮರಳುವ ವಸ್ತು’ ಎಂದು ಸರ್ಟಿಫಿಕೇಟ್ ಸಂಖ್ಯೆ ಸಮೇತ ನಮೂದಿಸಿರಬೇಕು. ಇಲ್ಲದಿದ್ದರೆ ಮರಳುವಾಗ ಹೊಸ ಖರೀದಿಯೆಂದು ಸುಂಕ ಬೀಳಬಹುದು. ಹೊಸ ಸ್ಲ್ಯಾಬ್ ಕೈಗೆ ಬಂದ ಮೇಲೆ ಲಾಕರಿಗೆ ಇಡುವ ಮುಂಚೆ ಮತ್ತೆ ಚುಕ್ಕೆ, ಇಸವಿ, ಅಂಕ, ಸಂಖ್ಯೆ ಎಲ್ಲ ನೋಡಿ. ಸರ್ಟಿಫಿಕೇಟ್ ಸಂಖ್ಯೆ ಬದಲಾಗಿದ್ದರೆ ವಿಮೆಯ ಪಟ್ಟಿಯಲ್ಲೂ ಬದಲಿಸಿ. ಹಳೆಯ ಚೀಟಿಯ ಫೋಟೊವನ್ನು ಖರೀದಿ ಬಿಲ್ಲಿಗೆ ಲಗತ್ತಿಸಿಡಿ, ಬಿಲ್ಲಿನಲ್ಲಿರುವುದು ಹಳೆಯ ಸಂಖ್ಯೆಯೇ ತಾನೆ.